ಬಾಗಿಲು ತೆಗೆದೈತಿ, ಫೀ ಕಟ್ಟಿ ಒಳಗ ಬರ್ರಿ

(ವಿಜಯಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೆಯೇ ಇಳಿಸಿಕೊಂಡು, ಅಗತ್ಯವಿದ್ದ ಕಡೆ ಮಾತ್ರ ತಿದ್ದಿದೆ.)



ಟಿಕೋಟಾದಿಂದ, ಬಬಲೇಶ್ವರದಿಂದ ಬಸ್ ಹಿಡಿದು ಬಂದವರಿದ್ದೀರಿ. ಈ ನಗರದ ಹಾಸ್ಟೆಲುಗಳಿಂದ ಊಟದ ಹೊತ್ತು ಬಿಟ್ಟು ಬಂದವರಿದ್ದೀರಿ. ನನಗೆ ಕೊಟ್ಟ ವಿಷಯ ಉನ್ನತ ಶಿಕ್ಷಣದ ಖಾಸಗೀಕರಣ. ಹೆಸರು ದೊಡ್ಡದು. ನಾನು ಹೇಳಬೇಕಾದ ಮಾತು ಸಣ್ಣದು. ಅದನ್ನ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಲೆಕ್ಕ ಕೊಡುತ್ತೇನೆ.

ಮೀಸಲಾತಿ ಬದುಕಿರುವುದು ಸರ್ಕಾರ ಇರುವ ಕಡೆ ಮಾತ್ರ. ಸರ್ಕಾರ ಕಾಲೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದರೆ ಮೀಸಲಾತಿಯೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಸಂವಿಧಾನದ ಒಂದು ಅಕ್ಷರ ತಿದ್ದಬೇಕಾಗಿಲ್ಲ, ಸಂಸತ್ತಿನಲ್ಲಿ ಕೈ ಎತ್ತಿಸಬೇಕಾಗಿಲ್ಲ, ಬೀದಿಯಲ್ಲಿ ನಮ್ಮನ್ನು ಹೊಡೆಯಬೇಕಾಗಿಲ್ಲ. ಸುಮ್ಮನೆ ಸರ್ಕಾರಿ ಕಾಲೇಜು ಕಟ್ಟದೆ ಇದ್ದರೆ ಸಾಕು. ಇದ್ದ ಕಾಲೇಜಿಗೆ ಮೇಷ್ಟ್ರನ್ನು ಕೊಡದೆ ಇದ್ದರೆ ಸಾಕು. ಇಷ್ಟೇ ನನ್ನ ಮಾತು.

ನಮ್ಮ ಮುತ್ತಜ್ಜಂದಿರಿಗೆ ಶಾಲೆಯ ಕಟ್ಟೆ ಹತ್ತಬ್ಯಾಡ ಅಂದ್ರು. ಹೊರಗ ನಿಂತು ಕೇಳು ಅಂದ್ರು. ಆಗ ಶತ್ರು ಕಣ್ಣಿಗೆ ಕಾಣುತ್ತಿದ್ದ, ಹೆಸರು ಹಿಡಿದು ಕರೆಯಬಹುದಿತ್ತು. ಈಗ ಯಾವ ವಿಶ್ವವಿದ್ಯಾಲಯದ ಗೇಟಿನಲ್ಲೂ ನಿನ್ನ ಜಾತಿ ಯಾವುದು ಎಂದು ತಡೆಯುವ ಬೋರ್ಡಿಲ್ಲ. ಎಲ್ಲರಿಗೂ ಸ್ವಾಗತ. ಬಾಗಿಲು ತೆಗೆದೈತಿ, ಫೀ ಕಟ್ಟಿ ಒಳಗ ಬರ್ರಿ ಅಂತಾರ. ಫೀ ಕಟ್ಟಲಾರದವರು ಯಾರು ಎಂದು ನೋಡಿದರೆ, ಅಂದು ಕಟ್ಟೆಯ ಹೊರಗೆ ನಿಂತವರ ಮೊಮ್ಮಕ್ಕಳೇ ಮತ್ತೆ ಹೊರಗೆ ನಿಂತಿದ್ದಾರೆ.

ಇದು ಇವತ್ತು ಹುಟ್ಟಿದ ಪ್ರಶ್ನೆ ಅಲ್ಲ. 1882ರಲ್ಲಿ ಜೋತಿಬಾ ಫುಲೆಯವರು ಹಂಟರ್ ಆಯೋಗದ ಮುಂದೆ ಬರೆದುಕೊಟ್ಟ ಹೇಳಿಕೆಯಲ್ಲಿ ಇದೇ ತಗಾದೆ ಇದೆ. ಸರ್ಕಾರದ ಆದಾಯ ಬರುವುದು ರೈತನ, ಕೂಲಿಯವನ ಬೆವರಿನಿಂದ, ಅದರಿಂದ ಕಲಿಯುವವರು ಮಾತ್ರ ಮೇಲ್ಜಾತಿಯ ಮಕ್ಕಳು ಎಂದರು. 1927ರ ಮಾರ್ಚ್ 12ರಂದು ಬಾಬಾಸಾಹೇಬರು ಮುಂಬೈ ವಿಧಾನ ಪರಿಷತ್ತಿನಲ್ಲಿ ಶಿಕ್ಷಣದ ಅನುದಾನದ ಮೇಲೆ ಮಾತಾಡಿದರು. ಆಗ ನಮ್ಮ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು. ಅಂದರೆ ಅವತ್ತು ಅವರು ಮಾತಾಡಿದ್ದು ನಮ್ಮ ಊರುಗಳ ಬಗ್ಗೆಯೂ ಹೌದು. ಜನರಿಂದ ಅಬಕಾರಿಯ ಹೆಸರಿನಲ್ಲಿ ಎಷ್ಟು ವಸೂಲಿ ಮಾಡುತ್ತೀರೋ ಅಷ್ಟನ್ನಾದರೂ ಆ ಜನರ ಶಿಕ್ಷಣಕ್ಕೆ ಖರ್ಚು ಮಾಡಿ ಎಂದು ಕೇಳಿದರು. ಆರ್ಟ್ಸ್ ಕಾಲೇಜುಗಳ ಖರ್ಚಿನಲ್ಲಿ ನೂರಕ್ಕೆ 36ರಷ್ಟು ಫೀಯಿಂದಲೇ ಬರುತ್ತಿದೆ, ಇದು ಶಿಕ್ಷಣವನ್ನು ವ್ಯಾಪಾರ ಮಾಡಿದಂತೆ ಎಂದು ಲೆಕ್ಕ ಹಿಡಿದು ಹೇಳಿದರು. ಗೆಳೆಯರೆ, ನೂರಕ್ಕೆ 36 ಫೀಯಿಂದ ಬಂದರೆ ಅದು ವ್ಯಾಪಾರ. ಹಂಗಾದ್ರ ನೂರಕ್ಕೆ ನೂರೂ ಫೀಯಿಂದ ನಡೆಯುವ ಕಾಲೇಜಿಗೆ ಏನಂತ ಹೆಸರಿಡೂಣು?

ನಮ್ಮ ಊರಿನ ಕಥೆಗೆ ಬರುತ್ತೇನೆ. ಈ ನಗರದಲ್ಲಿ ಖಾಸಗಿ ಶಿಕ್ಷಣ ಸಂಸ್ಥೆ ಎಂದರೆ ಮೊದಲು ಬಾಯಿಗೆ ಬರುವ ಹೆಸರು ಬಿ.ಎಲ್.ಡಿ.ಇ. ಅದನ್ನು 1910ರಲ್ಲಿ ಕಟ್ಟಿದವರು ಫ.ಗು. ಹಳಕಟ್ಟಿಯವರು. ವಕೀಲಿ ಮಾಡುತ್ತ, ತಾಡೋಲೆ ಹುಡುಕುತ್ತ ಊರೂರು ತಿರುಗಿ ವಚನಗಳನ್ನು ಅಚ್ಚು ಹಾಕಿಸಿದ ಮನುಷ್ಯ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇವರ ಹೆಸರು ನಮ್ಮ ತನಕ ಬಂದಿದ್ದರಲ್ಲಿ ಆ ದುಡಿಮೆಯ ಪಾಲೂ ಇದೆ. ಅಂದು ಶಿಕ್ಷಣ ಸಂಸ್ಥೆ ಎಂದರೆ ಜನ ಕೊಟ್ಟ ಕಾಣಿಕೆ, ಮಠದ ದಾಸೋಹ, ಸರ್ಕಾರದ ಅನುದಾನ. ಮೇಷ್ಟ್ರ ಪಗಾರ ಸರ್ಕಾರ ಕೊಡುತ್ತಿತ್ತು, ಅದಕ್ಕೇ ಫೀ ಕಡಿಮೆ ಇರುತ್ತಿತ್ತು. ಅಂಥ ಅನುದಾನಿತ ಕಾಲೇಜುಗಳಲ್ಲಿ ನಮ್ಮ ಕೇರಿಯ ಮಕ್ಕಳೂ ಬಿ.ಎ. ಓದಿ ಹೊರಗೆ ಬಂದಿದ್ದಾರೆ. ಈ ಮಾತನ್ನು ಮರೆತು ಮಾತಾಡಿದರೆ ಅನ್ಯಾಯವಾಗುತ್ತದೆ.

ಬದಲಾದದ್ದು ಆಮೇಲೆ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಶುರುವಾಯಿತು. ಎಪ್ಪತ್ತು ಎಂಬತ್ತರ ದಶಕಕ್ಕೆ ಬರುವಷ್ಟರಲ್ಲಿ ಕರ್ನಾಟಕದಲ್ಲಿ ಪ್ರತಿ ಬಲಿಷ್ಠ ಜಾತಿಗೂ ಒಂದೊಂದು ಟ್ರಸ್ಟು, ಪ್ರತಿ ಟ್ರಸ್ಟಿಗೂ ಒಂದೊಂದು ಇಂಜಿನಿಯರಿಂಗ್ ಕಾಲೇಜು. ಸೀಟಿಗೆ ಇಷ್ಟು ಎಂದು ಡೊನೇಶನ್. ನಮ್ಮ ನಗರದಲ್ಲೂ 1984ರಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು, 1986ರಲ್ಲಿ ಬಿ.ಎಲ್.ಡಿ.ಇ.ಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಬಂದವು. ರಾಜ್ಯದಲ್ಲಿ ಡೊನೇಶನ್ ಹಾವಳಿ ಎಷ್ಟಿತ್ತು ಎಂದರೆ 1984ರಲ್ಲಿ ಸರ್ಕಾರವೇ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯಿದೆ ತರಬೇಕಾಯಿತು.

ಕಾಯಿದೆ ಬಂತು. ಐದು ವರ್ಷದ ಮೇಲೆ, 1989ರ ಜೂನ್ 5ರಂದು, ಅದೇ ಕಾಯಿದೆಯ ಕೆಳಗೆ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೀರತ್‌ನಿಂದ ತುಮಕೂರಿಗೆ ಓದಲು ಬಂದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಆ 60,000 ಕಟ್ಟಲಾರದೆ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ತೀರ್ಪು ಬಂತು. ಕ್ಯಾಪಿಟೇಶನ್ ಶುಲ್ಕ ಎಂದರೆ ಶಿಕ್ಷಣ ಮಾರುವುದು, ಅದು ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟು ಹೇಳಿತು. ನೆನಪಿಡಿ, ಈ ದೇಶದಲ್ಲಿ ಶಿಕ್ಷಣ ಮಾರಾಟಕ್ಕಿಲ್ಲ ಎಂಬ ದೊಡ್ಡ ತೀರ್ಪು ಹುಟ್ಟಿದ್ದು ನಮ್ಮ ಕರ್ನಾಟಕದ ಡೊನೇಶನ್ ಕಾಲೇಜುಗಳ ಅಂಗಳದಲ್ಲಿ.

1993ರ ಉನ್ನಿಕೃಷ್ಣನ್ ತೀರ್ಪು ಒಂದು ಹಂಚಿಕೆ ಮಾಡಿತು. ಖಾಸಗಿ ವೃತ್ತಿಶಿಕ್ಷಣ ಕಾಲೇಜಿನ ಅರ್ಧ ಸೀಟು ಸರ್ಕಾರಿ ಫೀಯಲ್ಲಿ, ಇನ್ನರ್ಧ ಪೇಮೆಂಟ್ ಸೀಟು. 1994ರಲ್ಲಿ ಸಿ.ಇ.ಟಿ. ಕೇಂದ್ರ ಬಂತು. ಆ ಕೆಲವು ವರ್ಷ ಹಳ್ಳಿಯ ಹುಡುಗರು ಸರತಿಯಲ್ಲಿ ನಿಂತು, ರ‍್ಯಾಂಕ್ ಕೂಗಿದಾಗ ಎದ್ದು ಹೋಗಿ, ಸರ್ಕಾರಿ ಫೀಯಲ್ಲೇ ದೊಡ್ಡ ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಸೀಟು ಹಿಡಿದರು. ಆ ಸೀಟುಗಳಲ್ಲಿ ಮೀಸಲಾತಿ ಇತ್ತು.

ಅದು ಬಹಳ ದಿನ ಉಳಿಯಲಿಲ್ಲ. 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 11 ನ್ಯಾಯಾಧೀಶರ ಪೀಠ ಆ ಹಂಚಿಕೆಯನ್ನು ರದ್ದು ಮಾಡಿತು. 2005ರಲ್ಲಿ ಇನಾಂದಾರ್ ಮೊಕದ್ದಮೆಯಲ್ಲಿ, ಅನುದಾನ ಪಡೆಯದ ಖಾಸಗಿ ಕಾಲೇಜಿನ ಮೇಲೆ ಸರ್ಕಾರ ತನ್ನ ಮೀಸಲಾತಿ ಹೇರುವಂತಿಲ್ಲ ಎಂದು ಹೇಳಿತು. ಇಲ್ಲಿ ಸ್ವಲ್ಪ ನಿಂತು ನೋಡಿ. ಮೀಸಲಾತಿ ತಪ್ಪು ಎಂದು ಯಾರೂ ಹೇಳಲಿಲ್ಲ. ಸರ್ಕಾರದ ದುಡ್ಡು ಇಲ್ಲದ ಕಡೆ ಸರ್ಕಾರದ ಮೀಸಲಾತಿ ಬರುವುದಿಲ್ಲ ಎಂದರು ಅಷ್ಟೇ. ಸರಿ, ಇನ್ನು ಮುಂದೆ ಎಲ್ಲಾ ಕಾಲೇಜುಗಳನ್ನೂ ಸರ್ಕಾರದ ದುಡ್ಡಿಲ್ಲದೆ ಕಟ್ಟಿದರೆ?

ಆ ತೀರ್ಪಿನ ಮೇಲೆ ದೇಶದಲ್ಲಿ ಗದ್ದಲ ಆಯಿತು. ಸಂಸತ್ತು 93ನೇ ತಿದ್ದುಪಡಿ ಮಾಡಿ 15ನೇ ವಿಧಿಗೆ 5ನೇ ಉಪವಿಧಿ ಸೇರಿಸಿತು. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟು ಉಳಿದ ಖಾಸಗಿ ಸಂಸ್ಥೆಗಳಲ್ಲೂ, ಅನುದಾನ ಇರಲಿ ಇಲ್ಲದಿರಲಿ, ಕಾನೂನು ಮಾಡಿ ಮೀಸಲಾತಿ ಕೊಡಬಹುದು ಎಂದು ಅದರ ಅರ್ಥ. 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಅಂದರೆ ಬೀಗ ತೆಗೆದಾಯಿತು, ಬಾಗಿಲು ದೂಡಿದರೆ ಸಾಕಿತ್ತು. ಆದರೆ ಕೇಂದ್ರ ಸರ್ಕಾರ 2006ರಲ್ಲಿ ಮಾಡಿದ ಕಾನೂನು ತನ್ನ ಸಂಸ್ಥೆಗಳಿಗೆ ಮಾತ್ರ. ಖಾಸಗಿಯವರಿಗೆ ಅನ್ವಯಿಸುವ ಕಾನೂನು ಸಂಸತ್ತು ಮಾಡಲಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತಿನ ಶಿಕ್ಷಣ ಸ್ಥಾಯಿ ಸಮಿತಿಯೇ ಖಾಸಗಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಎಸ್.ಸಿ.ಗೆ 15, ಎಸ್.ಟಿ.ಗೆ ಏಳೂವರೆ, ಓ.ಬಿ.ಸಿ.ಗೆ 27 ಪ್ರತಿಶತ ಕೊಡುವ ಕಾನೂನು ಬೇಕು ಎಂದು ಶಿಫಾರಸು ಮಾಡಿತು. ಹೆಸರಾದ ಖಾಸಗಿ ಸಂಸ್ಥೆಗಳ ಅಂಕಿ ನೋಡಿದಾಗ ಅಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿ ನೂರಕ್ಕೆ ಒಬ್ಬನೂ ಇರಲಿಲ್ಲ. ತಿದ್ದುಪಡಿ ಆಗಿ ಇಪ್ಪತ್ತು ವರ್ಷ. ಇಪ್ಪತ್ತು ವರ್ಷ ಎಂದರೆ ನಿಮ್ಮಲ್ಲಿ ಹಲವರ ಪೂರ್ತಿ ವಯಸ್ಸು.

ಈ ನಡುವೆ ಕಾಲೇಜು ಹೋಗಿ ವಿಶ್ವವಿದ್ಯಾಲಯ ಬಂತು. 2000ನೇ ಇಸವಿಯಲ್ಲಿ ಮುಕೇಶ್ ಅಂಬಾನಿ ಮತ್ತು ಕುಮಾರಮಂಗಲಂ ಬಿರ್ಲಾ ಸೇರಿ ಪ್ರಧಾನಿಯ ವ್ಯಾಪಾರ ಮತ್ತು ಉದ್ಯಮ ಮಂಡಳಿಗೆ ಶಿಕ್ಷಣದ ಬಗ್ಗೆ ಒಂದು ವರದಿ ಕೊಟ್ಟರು. ಶಾಲೆ ಸರ್ಕಾರ ನೋಡಿಕೊಳ್ಳಲಿ, ಉನ್ನತ ಶಿಕ್ಷಣ ಖಾಸಗಿಗೆ ಬಿಡಲಿ, ಖಾಸಗಿ ವಿಶ್ವವಿದ್ಯಾಲಯಕ್ಕೆ ಕಾನೂನು ಬರಲಿ ಎಂಬುದು ಅದರ ಸಾರ. ಕೂಲಿಗೆ ಬೇಕಾದಷ್ಟು ಓದು ಎಲ್ಲರಿಗೂ ಇರಲಿ, ಅಧಿಕಾರಕ್ಕೆ ಬೇಕಾದ ಓದು ಕೊಂಡವರಿಗೆ ಇರಲಿ ಎಂದು ನಾನು ಅದನ್ನು ಓದಿಕೊಂಡೆ. 2002ರಲ್ಲಿ ಛತ್ತೀಸಗಡ ಸರ್ಕಾರ ಒಂದು ಕಾನೂನು ಮಾಡಿತು. ನೋಡನೋಡುತ್ತಿದ್ದಂತೆ ಅಲ್ಲಿ 112 ಖಾಸಗಿ ವಿಶ್ವವಿದ್ಯಾಲಯ ಎದ್ದವು. ಕಟ್ಟಡ ಇಲ್ಲ, ಮೇಷ್ಟ್ರಿಲ್ಲ, ಬೋರ್ಡು ಮಾತ್ರ. ವಿಜ್ಞಾನಿ ಪ್ರೊ. ಯಶಪಾಲ್ ಕೋರ್ಟಿಗೆ ಹೋಗಿ 2005ರಲ್ಲಿ ಅವನ್ನು ರದ್ದು ಮಾಡಿಸಿದರು.

ಕರ್ನಾಟಕ ಅಷ್ಟು ಹುಂಬತನ ಮಾಡಲಿಲ್ಲ. ಇಲ್ಲಿ ಒಂದೊಂದು ವಿಶ್ವವಿದ್ಯಾಲಯಕ್ಕೂ ಒಂದೊಂದು ಕಾಯಿದೆ. 2010ರಲ್ಲಿ ಅಲಯನ್ಸ್, ಅಜೀಂ ಪ್ರೇಮ್‌ಜಿ. ಆಮೇಲೆ ಸಾಲು ಸಾಲು. 2017ರಲ್ಲಿ ಕಲಬುರಗಿಯ ಶರಣಬಸವ. ಇಪ್ಪತ್ತರ ಮೇಲಾದವು. ಇವುಗಳಲ್ಲಿ ನೂರಕ್ಕೆ 40 ಸೀಟು ಸರ್ಕಾರಿ ಕೋಟಾ ಎಂದು ಬರೆದಿದ್ದಾರೆ. ಅಷ್ಟರಮಟ್ಟಿಗೆ ಒಂದು ಕಿಂಡಿ ಉಳಿದಿದೆ, ಅದನ್ನು ಬಿಡಬಾರದು. ಉಳಿದ 60ರಲ್ಲಿ ಬಾಬಾಸಾಹೇಬರ ಹೆಸರು ನಡೆಯುವುದಿಲ್ಲ.

ಇನ್ನೊಂದು ಜಾತಿ ಇದೆ, ಡೀಮ್ಡ್ ವಿಶ್ವವಿದ್ಯಾಲಯ. ಇದಕ್ಕೆ ರಾಜ್ಯದ ಕಾಯಿದೆ ಬೇಡ, ದೆಹಲಿಯ ಯು.ಜಿ.ಸಿ. ಕಾಯಿದೆಯ 3ನೇ ಸೆಕ್ಷನ್ ಸಾಕು. ಬಿ.ಎಲ್.ಡಿ.ಇ. 2008ರಲ್ಲಿ ಡೀಮ್ಡ್ ಆಯಿತು. ದೇಶದ ಎಲ್ಲಾ ಡೀಮ್ಡ್ ವಿಶ್ವವಿದ್ಯಾಲಯಗಳ ಎಂ.ಬಿ.ಬಿ.ಎಸ್. ಸೀಟುಗಳೂ ಈಗ ದೆಹಲಿಯ ಕೌನ್ಸೆಲಿಂಗ್‌ನಲ್ಲಿ ತುಂಬುತ್ತವೆ. ಅಲ್ಲಿ ಈ ಜಿಲ್ಲೆಯವರು ಎಂಬ ಪಾಲಿಲ್ಲ, ಎಸ್.ಸಿ., ಎಸ್.ಟಿ. ಎಂಬ ಪಾಲೂ ಇಲ್ಲ. ಇದು ಒಂದು ಸಂಸ್ಥೆಯ ಕೆಟ್ಟತನದ ಮಾತಲ್ಲ, ನಿಯಮವೇ ಹಾಗಿದೆ. ಆದರೆ ವಚನದ ಕಟ್ಟು ಹೊತ್ತು ತಿರುಗಿದ ಹಳಕಟ್ಟಿಯವರ ಊರಿನಲ್ಲಿ ಈ ಪ್ರಶ್ನೆ ಕೇಳುವ ಹಕ್ಕು ನಮಗಿದೆ: ಮಾದಾರ ಚೆನ್ನಯ್ಯನ ವಚನ ನಿಮ್ಮ ಗ್ರಂಥಾಲಯದಲ್ಲಿದೆ, ಮಾದಾರ ಓಣಿಯ ಹುಡುಗಿ ನಿಮ್ಮ ಕ್ಲಾಸಿನಲ್ಲಿ ಎಲ್ಲಿದ್ದಾಳೆ?

ಫೀ ಎಷ್ಟು ಎಂಬುದನ್ನು ಕೂಲಿಯ ಲೆಕ್ಕದಲ್ಲಿ ನೋಡೋಣ. ಡೀಮ್ಡ್ ಕಾಲೇಜುಗಳಲ್ಲಿ ಎಂ.ಬಿ.ಬಿ.ಎಸ್.ಗೆ ವರ್ಷಕ್ಕೆ 20 ಲಕ್ಷದ ಆಸುಪಾಸು ಫೀ ಇರುವುದು ದೇಶದಲ್ಲಿ ಮಾಮೂಲು. ಟಿಕೋಟಾ ಕಡೆ ದ್ರಾಕ್ಷಿ ತೋಟದಲ್ಲಿ ದುಡಿಯುವ ಒಬ್ಬ ತಾಯಿ ಅಂತ ಹಿಡಿರಿ. ಲೆಕ್ಕಕ್ಕೆ ದಿನದ ಪಗಾರ 400 ರೂಪಾಯಿ, ವರ್ಷಕ್ಕೆ 250 ದಿನ ಕೆಲಸ. ವರ್ಷಕ್ಕೆ ಒಂದು ಲಕ್ಷ. ಒಂದು ರೂಪಾಯಿಯ ಜೋಳ ಕೊಳ್ಳದೆ, ಒಂದು ಗುಳಿಗಿ ತಗೊಳ್ಳದೆ ಕೂಡಿಟ್ಟರೆ ಇಪ್ಪತ್ತು ವರ್ಷಕ್ಕೆ ಮಗಳ ಒಂದು ವರ್ಷದ ಫೀ. ನಾಲ್ಕೂವರೆ ವರ್ಷದ ಓದಿಗೆ ತೊಂಬತ್ತು ವರ್ಷ. ಆ ತಾಯಿಗೆ ಒಂದು ಜನ್ಮ ಸಾಲೂದಿಲ್ಲ. ಮುಂದಿನ ಜನ್ಮದಾಗ ನೋಡೂಣು ಅಂತ ಹಿಂದೆ ಪುರೋಹಿತ ಹೇಳುತ್ತಿದ್ದ. ಈಗ ಫೀ ಕೌಂಟರು ಅದನ್ನೇ ಹೇಳುತ್ತದೆ.

ಇಲ್ಲಿ ಮೆರಿಟ್ಟಿನ ಮಾತು ಬರುತ್ತದೆ. ನೀವು ಎಷ್ಟು ಸಲ ಕೇಳಿದ್ದೀರೋ! ಮೀಸಲಾತಿಯಿಂದ ಗುಣಮಟ್ಟ ಹಾಳಾಯಿತು, ಕಡಿಮೆ ಮಾರ್ಕಿನ ಡಾಕ್ಟರ ಕೈಯಲ್ಲಿ ರೋಗಿ ಸಾಯುತ್ತಾನೆ. 2023ರಲ್ಲಿ ನೀಟ್ ಪಿ.ಜಿ. ಸೀಟುಗಳು ಖಾಲಿ ಉಳಿದವು. ಆಗ ಕೇಂದ್ರ ಸರ್ಕಾರ ಏನು ಮಾಡಿತು? ಎಲ್ಲಾ ವರ್ಗಕ್ಕೂ ಕಟಾಫನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿತು. ಸೊನ್ನೆ! ಪರೀಕ್ಷೆ ಬರೆದವರೆಲ್ಲ ಅರ್ಹರು, ಇನ್ನು ಉಳಿದದ್ದು ದುಡ್ಡು ಮಾತ್ರ. ಅವತ್ತು ಮೆರಿಟ್ಟಿನ ಭಕ್ತರು ಯಾವ ಬೀದಿಯಲ್ಲಿ ಬೂಟು ಪಾಲಿಶ್ ಮಾಡಿ ಪ್ರತಿಭಟಿಸಿದರು? ನಾನಂತೂ ಕಾಣಲಿಲ್ಲ. ಬಡವನಿಗೆ ಹತ್ತು ಮಾರ್ಕು ಬಿಟ್ಟರೆ ಗುಣಮಟ್ಟ ಹೋಗುತ್ತದೆ, ಶ್ರೀಮಂತನಿಗೆ ಪೂರ್ತಿ ಬಿಟ್ಟರೂ ಹೋಗುವುದಿಲ್ಲ.

ಈಗ ನಮ್ಮ ಜಿಲ್ಲಾ ಆಸ್ಪತ್ರೆಯ ವಿಷಯ. ಬೆಳಗಾವಿಗೆ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಕಲಬುರಗಿಗೆ ಇದೆ, ರಾಯಚೂರು, ಬೀದರ್, ಗದಗ, ಕೊಪ್ಪಳ, ಯಾದಗಿರಿಗೆ ಇದೆ. ವಿಜಯಪುರಕ್ಕೆ 2025ರವರೆಗೂ ಎರಡೂ ಖಾಸಗಿಯೇ. ಆ ವರ್ಷ ಸರ್ಕಾರ ಇಲ್ಲಿ ವೈದ್ಯಕೀಯ ಕಾಲೇಜಿನ ಮಾತೆತ್ತಿದಾಗ ಪಿ.ಪಿ.ಪಿ. ಎಂದಿತು. ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವ ಅಂತೆ. ಅದರ ವಿರುದ್ಧ 2025ರ ಸೆಪ್ಟೆಂಬರಿನಲ್ಲಿ ಇದೇ ಊರಿನ ಅಂಬೇಡ್ಕರ್ ವೃತ್ತದ ಬಳಿ ಜನ ಧರಣಿ ಕೂತರು. ರೈತರು, ಕಾರ್ಮಿಕರು, ಹೆಣ್ಣುಮಕ್ಕಳು, ಸ್ವಾಮಿಗಳು, ವಿದ್ಯಾರ್ಥಿಗಳು. ನೂರು ದಿನ ದಾಟಿತು. ಬೇಡಿಕೆ ಒಂದೇ: ಪೂರ್ಣ ಸರ್ಕಾರಿ ಕಾಲೇಜು.

ಈ ಪಿ.ಪಿ.ಪಿ. ಹೇಗೆ ನಡೆಯುತ್ತದೆ ಎಂಬುದನ್ನು ಹಾಸ್ಟೆಲಿನ ಪ್ರತಿಯೊಬ್ಬನೂ ತಿಳಿದಿರಬೇಕು. ವೈದ್ಯಕೀಯ ಕಾಲೇಜು ನಡೆಸಲು ಕಟ್ಟಡ ಸಾಲದು, ರೋಗಿಗಳು ಬೇಕು. ಖಾಸಗಿಯವನು ಕಟ್ಟಡ ಕಟ್ಟಬಹುದು, ರೋಗಿಗಳನ್ನು ಎಲ್ಲಿಂದ ತರುತ್ತಾನೆ? ದುಬಾರಿ ಆಸ್ಪತ್ರೆಗೆ ಬಡವರು ಬರುವುದಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮಾತ್ರ ಬೆಳಗಾಗುವಷ್ಟರಲ್ಲಿ ಸಾಲು ಹಚ್ಚಿ ನಿಂತಿರುತ್ತಾರೆ. ನೀತಿ ಆಯೋಗ 2020ರ ಜನವರಿಯಲ್ಲಿ ಒಂದು ಮಾದರಿ ಒಪ್ಪಂದ ಹೊರಡಿಸಿತು. ಜಿಲ್ಲಾಸ್ಪತ್ರೆಯನ್ನು ಖಾಸಗಿ ಕಾಲೇಜಿಗೆ ಜೋಡಿಸಿ 60 ವರ್ಷಕ್ಕೆ ಒಪ್ಪಿಸುವುದು. ಹಾಸಿಗೆಗಳಲ್ಲಿ ಎರಡು ಬಗೆ ಮಾಡುವುದು. ಒಂದು ಬಗೆ ನಿಯಂತ್ರಿತ ದರದವು, ಇನ್ನೊಂದು ಬಗೆಗೆ ಮಾರುಕಟ್ಟೆ ಹಾಸಿಗೆ ಎಂದೇ ಹೆಸರು. ಆಸ್ಪತ್ರೆಯಲ್ಲೂ ಎರಡು ಲೋಟ ಅಂದ್ರ ಇದೇ.

ಯೋಚನೆ ಮಾಡಿರಿ. ಜಾಗ ನಮ್ಮದು. ಕಟ್ಟಡಕ್ಕೆ ಕಲ್ಲು ಹೊತ್ತವರು ನಮ್ಮವರು. ವಾರ್ಡು ಗುಡಿಸುವವರು, ರಕ್ತದ ಬಟ್ಟೆ ಒಗೆಯುವವರು ನಮ್ಮವರು. ಹಾಸಿಗೆಯ ಮೇಲೆ ಮಲಗಿ, ಹತ್ತು ಹುಡುಗರು ಸುತ್ತ ನಿಂತು ಹೊಟ್ಟೆ ಒತ್ತಿ ನೋಡಿ ಪಾಠ ಕಲಿಯುವುದೂ ನಮ್ಮವರ ಮೈಯ ಮೇಲೆ. ಇಷ್ಟೆಲ್ಲ ಕಡೆ ನಾವಿದ್ದೇವೆ. ಆ ಹತ್ತು ಹುಡುಗರಲ್ಲಿ ಮಾತ್ರ ನಮ್ಮವರಿಲ್ಲ. ಸರ್ಕಾರಿ ಕಾಲೇಜು ಆದರೆ ಅಲ್ಲಿ ಮೀಸಲಾತಿ ಇರುತ್ತದೆ, ಫೀ ವರ್ಷಕ್ಕೆ ಲಕ್ಷದೊಳಗೆ ಇರುತ್ತದೆ, ಸ್ಕಾಲರ್‌ಶಿಪ್ ಅದನ್ನು ಹೊರಬಲ್ಲದು. ಹೋರಾಟ ಇಟ್ಟಿಗೆಗಾಗಿ ಅಲ್ಲ, ಆ ಹತ್ತರಲ್ಲಿ ಇಬ್ಬರು ಮೂವರು ನಮ್ಮವರಾಗಿರಲಿ ಎಂಬುದಕ್ಕಾಗಿ. ಸರ್ಕಾರಗಳು ಮಾತು ಕೊಡುತ್ತವೆ. ಮಾತು ಬೇರೆ, ಬಜೆಟ್ಟಿನ ದುಡ್ಡು ಬೇರೆ, ವೈದ್ಯಕೀಯ ಆಯೋಗದ ಪರವಾನಗಿ ಬೇರೆ. ಮೊದಲ ಬ್ಯಾಚಿನ ಹುಡುಗಿ ಬೆಂಚಿನ ಮೇಲೆ ಕೂಡುವ ತನಕ ಈ ಹೋರಾಟ ಮುಗಿಯಿತು ಎಂದು ಯಾರೂ ಮನೆಗೆ ಹೋಗಬಾರದು.

ಇನ್ನು ಸರ್ಕಾರದ ಸ್ವಂತ ಮನೆ ನೋಡೋಣ. ಖಾಸಗಿಯವರನ್ನು ಬೈದು ಸರ್ಕಾರವನ್ನು ಬಿಟ್ಟರೆ ಅರ್ಧ ಸತ್ಯ ಆಗುತ್ತದೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿದಿದ್ದಾರೆ. ಅತಿಥಿ ಎಂದರೆ ಬಂದು ಹೋಗುವವರು, ಹತ್ತು ಹದಿನೈದು ವರ್ಷದಿಂದ ಅತಿಥಿಯಾಗೇ ಇರುವವರಿದ್ದಾರೆ. 2023ರ ಕೊನೆಯಲ್ಲಿ ಅವರು ಕ್ಲಾಸು ಬಿಟ್ಟು ಬೀದಿಗೆ ಬಂದಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹಣವಿಲ್ಲ ಎಂದು 9 ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಪಕ್ಕದ ಬಾಗಲಕೋಟೆಯ ವಿಶ್ವವಿದ್ಯಾಲಯವೂ ಆ ಪಟ್ಟಿಯಲ್ಲಿತ್ತು. ಖಾಸಗಿ ವಿಶ್ವವಿದ್ಯಾಲಯ ಹೆಚ್ಚುತ್ತ ಹೋದ ರಾಜ್ಯದಲ್ಲಿ ಸರ್ಕಾರಿ ವಿಶ್ವವಿದ್ಯಾಲಯ ಮುಚ್ಚುವ ಮಾತು!

ಸರ್ಕಾರಿ ಎಂದರೆ ಸ್ವರ್ಗ ಎಂದೂ ನಾನು ಹೇಳುವುದಿಲ್ಲ. ರೋಹಿತ್ ವೇಮುಲ ಓದುತ್ತಿದ್ದುದು ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ನಮ್ಮ ತೆರಿಗೆಯ ವಿಶ್ವವಿದ್ಯಾಲಯದಲ್ಲಿ. 2016ರ ಜನವರಿಯನ್ನು ನಾವು ಮರೆಯುವುದಿಲ್ಲ. ಆದರೆ ಸರ್ಕಾರಿ ಸಂಸ್ಥೆಯಲ್ಲಿ ಅನ್ಯಾಯವಾದರೆ ನಿಂತು ಕೇಳಲು ನಮಗೊಂದು ನೆಲ ಇರುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿಸಬಹುದು, ಗೇಟಿನ ಮುಂದೆ ಕೂರಬಹುದು. ಖಾಸಗಿ ಗೇಟಿನ ಒಳಗೆ ನಾವು ಗಿರಾಕಿಗಳು. ಗಿರಾಕಿಗೆ ಇರುವ ಹಕ್ಕು ಒಂದೇ, ಬೇರೆ ಅಂಗಡಿಗೆ ಹೋಗುವುದು.

ಸ್ಕಾಲರ್‌ಶಿಪ್ ಐತೆಲ್ಲಪಾ, ಮತ್ಯಾಕ ಅಳತೀರಿ ಅಂತ ಕೇಳುವವರಿದ್ದಾರೆ. ಇದೆ, ಅದನ್ನು ಹೋರಾಡಿ ಪಡೆದಿದ್ದೇವೆ. ಆದರೆ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ಕೇಂದ್ರ ಸ್ಕಾಲರ್‌ಶಿಪ್ಪಿಗೆ ಮನೆಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷದ ಒಳಗಿರಬೇಕು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ 2018ರ ಮಾರ್ಗಸೂಚಿಯ ಪ್ರಕಾರ ಅದು ಸಿಗುವುದಿಲ್ಲ. ಅಂದರೆ ಎಲ್ಲಿ ಫೀ ಜಾಸ್ತಿಯೋ ಅಲ್ಲೇ ಸ್ಕಾಲರ್‌ಶಿಪ್ ಇಲ್ಲ. 2021-22ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದ ಕಾಲೇಜುಗಳಲ್ಲಿ ನೂರಕ್ಕೆ 78ರಷ್ಟು ಖಾಸಗಿ. ಉಳಿದ 22ರ ಗೇಟಿನಲ್ಲಿ ನಾವೆಲ್ಲ ನೂಕಾಡುತ್ತಿದ್ದೇವೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ, 2003ರಲ್ಲಿ ಸರ್ಕಾರ ಕಟ್ಟಿದ್ದು. ಟಿಕೋಟಾದಿಂದ ಹೊರಟ ಹುಡುಗಿ ಅದೇ ರಸ್ತೆಯಲ್ಲಿ ಬರುತ್ತಾಳೆ. 2023ರ ಜೂನಿನಿಂದ ಬಸ್ಸು ಪುಕ್ಕಟೆ ಆಯಿತು, ಒಳ್ಳೆಯದೇ ಆಯಿತು. ಬಸ್ ಇಳಿದ ಮೇಲೆ ಆಕೆಗೆ ಸರ್ಕಾರಿ ಫೀಯ ಒಂದು ಕ್ಲಾಸು, ಒಬ್ಬ ಖಾಯಂ ಮೇಡಂ, ರಾತ್ರಿ ಉಳಿಯಲು ಒಂದು ಹಾಸ್ಟೆಲ್ ಇರಬೇಕು. ಮನೆಯಲ್ಲಿ ದುಡ್ಡು ಒಬ್ಬರಿಗೆ ಸಾಲುವಷ್ಟಿದ್ದರೆ ಮಗನ ಫೀ ಕಟ್ಟುತ್ತಾರೆ, ಮಗಳ ಮದುವೆ ಮಾಡುತ್ತಾರೆ. ಫೀ ಏರಿದ ಪ್ರತಿ ಸಾವಿರಕ್ಕೂ ಮೊದಲು ಹೊರಗೆ ಬೀಳುವವಳು ಅವಳೇ.

ನಾನು ಆರ್ಟ್ಸ್ ಓದಿದವನು, ಪದ್ಯ ಬರೆಯುವವನು. ಅದಕ್ಕೆ ಇನ್ನೊಂದು ಮಾತು ಹೇಳದೆ ಇರಲಾರೆ. ಖಾಸಗಿ ವಿಶ್ವವಿದ್ಯಾಲಯಗಳ ಜಾಹೀರಾತು ನೋಡಿ. ಮ್ಯಾನೇಜ್‌ಮೆಂಟ್, ಕಂಪ್ಯೂಟರ್, ಫಾರ್ಮಸಿ. ಕನ್ನಡ ವಿಭಾಗ, ಇತಿಹಾಸ ವಿಭಾಗ ಹುಡುಕಿದರೆ ಸಿಗುವುದು ಅಪರೂಪ. ಮಾರಿದರೆ ದುಡ್ಡು ಬಾರದ್ದನ್ನು ಅಂಗಡಿಯಲ್ಲಿ ಇಡುವುದಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದಕ್ಕೆ ಹಾಸ್ಟೆಲಿನ ದಲಿತ ಹುಡುಗರ ಮೇಲೆ ಕಲ್ಲು ಬಿದ್ದವು. ಆ ಕಲ್ಲೇಟು ತಿಂದವರು ಬಿ.ಎ., ಎಂ.ಎ. ಓದುವ ಬಡ ಹುಡುಗರು. ಸರ್ಕಾರಿ ಹಾಸ್ಟೆಲ್ ಮತ್ತು ಕಡಿಮೆ ಫೀಯ ಆರ್ಟ್ಸ್ ಕಾಲೇಜು ಇದ್ದುದರಿಂದಲೇ ಅವರು ಓದಿದರು, ಬರೆದರು, ಸಂಘಟನೆ ಕಟ್ಟಿದರು. ನಮ್ಮ ಚಳವಳಿ ಹುಟ್ಟಿದ್ದು ಆ ಬೆಂಚುಗಳ ಮೇಲೆ. ಆ ಬೆಂಚು ಕಿತ್ತರೆ ನಾಳೆ ಪ್ರಶ್ನೆ ಕೇಳುವವರೂ ಇರುವುದಿಲ್ಲ.

ಸರ್ಕಾರದ ಹತ್ತಿರ ದುಡ್ಡಿಲ್ಲ, ಖಾಸಗಿಯವರು ಬಾರದಿದ್ದರೆ ಹಿಂದುಳಿದ ಜಿಲ್ಲೆಗೆ ಕಾಲೇಜು ಹೇಗೆ ಬರುತ್ತದೆ ಎಂದು ಕೇಳುವವರಿಗೆ ಬಬಲೇಶ್ವರದ ನೀರಿನಿಂದಲೇ ಉತ್ತರ ಕೊಡುತ್ತೇನೆ. ಕೃಷ್ಣೆ ಕೆಳಗೆ ಹರಿಯುತ್ತಾಳೆ, ನಮ್ಮ ಹೊಲ ಮೇಲಿದೆ. ನೀರು ತಾನಾಗಿ ದಿಬ್ಬ ಏರೂದಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿ ಮಾಡಿದ್ದು ಯಾರು? ಸರ್ಕಾರ, ನಮ್ಮೆಲ್ಲರ ದುಡ್ಡಿನಿಂದ. ಪಂಪು ಹಚ್ಚಿ, ಪೈಪು ಹಾಕಿ, ನೀರು ಎತ್ತಿ ತಂದರು. ಆಗ ದುಡ್ಡು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ, ಕೇಳಲೂಬಾರದು. ಸಾವಿರಾರು ವರ್ಷ ಓದಿನಿಂದ ದೂರ ಇಟ್ಟ ಓಣಿಗೂ ವಿದ್ಯೆ ತಾನಾಗಿ ಏರೂದಿಲ್ಲ. ಸರ್ಕಾರಿ ಕಾಲೇಜು ಅಂದರೆ ಆ ಪಂಪು, ಮೀಸಲಾತಿ ಅಂದರೆ ಆ ಪೈಪು. ಹೊಲಕ್ಕೆ ನೀರು ಎತ್ತಬಲ್ಲ ಸರ್ಕಾರ ಕೇರಿಗೆ ಕಾಲೇಜು ಎತ್ತಲಾರೆ ಅಂದರೆ ಅದು ದುಡ್ಡಿನ ಕೊರತೆ ಅಲ್ಲ, ಮನಸ್ಸಿನ ಕೊರತೆ.

ಕೊನೆಗೆ, ಏನು ಮಾಡಬೇಕು? ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗುವ ಸಭೆ ಇದಾಗಬಾರದು. ನಾನು ನಾಲ್ಕು ಕೆಲಸ ಮುಂದಿಡುತ್ತೇನೆ.

ಒಂದು, ಪ್ರತಿ ಹಾಸ್ಟೆಲಿನಲ್ಲೂ ಒಂದು ವಹಿ ಇಡಿ. ಯಾವ ಊರಿನ ಹುಡುಗ ಅಥವಾ ಹುಡುಗಿ, ಯಾವ ಕೋರ್ಸಿಗೆ ಸೀಟು ಬಂದಿತ್ತು, ಎಷ್ಟು ಫೀ ಕೇಳಿದರು, ಯಾಕೆ ಬಿಟ್ಟರು, ಇಷ್ಟು ಬರೆಯಿರಿ. ಹೆಸರು ಬೇಡ, ಲೆಕ್ಕ ಬೇಕು. ಬಾಬಾಸಾಹೇಬರು 1927ರಲ್ಲಿ ಕೂಗಾಡಲಿಲ್ಲ, ಲೆಕ್ಕ ಹಿಡಿದು ಮಾತಾಡಿದರು.

ಎರಡು, ಸಿ.ಇ.ಟಿ., ನೀಟ್ ಮುಗಿದ ಮೇಲೆ ಆಪ್ಶನ್ ಎಂಟ್ರಿಯ ದಿನಗಳಲ್ಲಿ ಓದಿದವರು ಕೇರಿಗೆ ಹೋಗಿ ಕೂತು ಪಿ.ಯು. ಮುಗಿಸಿದ ಮಕ್ಕಳಿಗೆ ತುಂಬಿಸಿಕೊಡಿ. ತಾರೀಖು ತಪ್ಪಿ ಸರ್ಕಾರಿ ಕೋಟಾದ ಸೀಟು ಕಳೆದುಕೊಂಡವರು ಕಡಿಮೆ ಇಲ್ಲ. ಯಾರಾದರೂ ರಸೀದಿ ಇಲ್ಲದೆ ದುಡ್ಡು ಕೇಳಿದರೆ ಕೊಡಬೇಡಿ. 1984ರ ಕಾಯಿದೆಯ ಹೆಸರು ಹೇಳಿ ರಸೀದಿ ಕೇಳಿ, ಒಬ್ಬರೇ ಹೋಗದೆ ಐದು ಮಂದಿ ಕೂಡಿ ಹೋಗಿ.

ಮೂರು, 15(5)ರ ಕಾನೂನು. ವೋಟು ಕೇಳಲು ಬರುವ ಯಾವ ಪಕ್ಷದವರಾದರೂ ಸರಿ, ಖಾಸಗಿ ವಿಶ್ವವಿದ್ಯಾಲಯದಲ್ಲಿ ಮೀಸಲಾತಿಗೆ ನೀವು ಹೌದೋ ಅಲ್ಲವೋ ಎಂದು ಕೇಳಿ. ಉತ್ತರವನ್ನು ಕೇರಿಯ ಗೋಡೆಯ ಮೇಲೆ ಬರೆಯಿರಿ. ಕರ್ನಾಟಕದಲ್ಲಿ ಕಾಲೇಜು ನಡೆಸುವವರೇ ಶಾಸಕರು, ಮಂತ್ರಿಗಳು ಆಗುವುದು ಎಲ್ಲಾ ಪಕ್ಷಗಳಲ್ಲೂ ಇದೆ. ಕಾನೂನು ಮಾಡುವ ಕೈ, ಫೀ ಎಣಿಸುವ ಕೈ ಒಂದೇ ಆದಾಗ ಕೇಳುವ ಬಾಯಿ ಹೊರಗಿನಿಂದಲೇ ಬರಬೇಕು.

ನಾಲ್ಕು, ಈ ಜಿಲ್ಲೆಗೆ ಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜು, ಟಿಕೋಟಾ ಬಬಲೇಶ್ವರದಂಥ ಹೊಸ ತಾಲೂಕುಗಳಿಗೆ ಖಾಯಂ ಮೇಷ್ಟ್ರಿರುವ ಸರ್ಕಾರಿ ಕಾಲೇಜು ಮತ್ತು ಹಾಸ್ಟೆಲು. ಇದನ್ನು ಬಿಟ್ಟು ಕಡಿಮೆಗೆ ರಾಜಿ ಇಲ್ಲ.

ವಹಿಯ ಕೆಲಸ ಇವತ್ತು ರಾತ್ರಿಯೇ ಶುರು ಮಾಡಬಹುದು. ನೂರು ಪುಟದ ನೋಟ್‌ಬುಕ್ಕಿಗೆ ದೊಡ್ಡ ದುಡ್ಡೇನೂ ಬೇಡ. ಮುಂದಿನ ಸಭೆಗೆ ಬರುವಾಗ ಪ್ರತಿ ಹಾಸ್ಟೆಲಿನಿಂದ ಒಬ್ಬರು ಅದನ್ನು ಹಿಡಿದು ಬನ್ನಿ. ಆಗ ನಾನು ಮಾತಾಡುವುದಿಲ್ಲ, ನೀವು ಓದಿರಿ, ಎಲ್ಲರೂ ಕೇಳೋಣ.

ಜೈಭೀಮ್.